ರೊಪ್ಪದೊಳಗಿನ ವೈದ್ಯೆ

ಚಿತ್ರದುರ್ಗದ ಇತಿಹಾಸದಲ್ಲೇ ಅತ್ಯಂತ ಗಂಭೀರವಾದ ಪ್ರಶ್ನೆಯೊಂದು ಆ ಭಾನುವಾರ ಗೊಂಬೆ ದಂಡುಗಳ ಯುದ್ಧದಾಟ ಹರಡಿದ್ದ ಶಿವರಾಜನ ಊಟದ ಮೇಜಿನ ಮೇಲೆ ಎದ್ದು ನಿಂತಿತ್ತು: ಹೆಬ್ಬೆರಳುದ್ದದ ವೈದ್ಯೆಯ ಗೊಂಬೆಯನ್ನು ಕಾಯುವುದೋ, ಬಿಟ್ಟುಕೊಡುವುದೋ? ಅವಳಿಗೆ ಬಿದ್ದ ಸೈನಿಕರನ್ನು ಎಬ್ಬಿಸುವುದು ಗೊತ್ತೇ ಹೊರತು ಕತ್ತಿ ಹಿಡಿಯಲು ಬಾರದು. ಅದಕ್ಕೇ ಅವನು ಇದ್ದಬದ್ದ ಕುದುರೆ ಸವಾರರನ್ನೆಲ್ಲ ಅವಳ ಸುತ್ತ ನಿಲ್ಲಿಸಿದ್ದ. ಕುರಿ ಕಾಯುವ ಮನೆತನದವನಿಗೆ ಎಳೆಮರಿಯನ್ನು ರೊಪ್ಪದ ಬೇಲಿಯೊಳಗೆ ಮಂದೆಯ ನಡುವೆ ಹಾಕುವುದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ.

“ಏನಪ್ಪ ಶಿವು, ಇದು ಯುದ್ಧಾನೋ ಕುರಿ ರೊಪ್ಪಾನೋ? ನಿನ್ನ ಕೋಟೆ ಬಾಗ್ಲು ಕಾಯಾಕೆ ಒಬ್ಬ ನರಪಿಳ್ಳೆ ಇಲ್ಲ ನೋಡು!” ಎದುರು ಕುಳಿತ ಯಶೋಧಾ ನಕ್ಕಳು. ವೈದ್ಯೆಯ ಸೀರೆಯಂಚಿಗೆ ತನ್ನ ನೇಲ್ ಪಾಲಿಶ್ ಬಳಿದು ಕೊಟ್ಟವಳೂ ಅವಳೇ. ನಾಳೆಯಿಂದ ಅವಳಿಗೆ ಧರ್ಮಪುರದಲ್ಲಿ ಕೆಲಸ, ಅಲ್ಲೇ ವಾಸ.

ಅವರಿಬ್ಬರ ಆಟಕ್ಕೆ ಅವರದೇ ಒಂದು ನಿಯಮವಿತ್ತು. ಸೆರೆಸಿಕ್ಕ ಗೊಂಬೆಯನ್ನು ಹಿಡಿದವರು ಮನೆಗೆ ಒಯ್ಯಬೇಕು, ಮುಂದಿನ ಆಟಕ್ಕೆ ತಾವೇ ತಂದು ಒಪ್ಪಿಸಬೇಕು. ಶಿವರಾಜ ವೈದ್ಯೆಯ ಮುಂದಿದ್ದ ಸವಾರನನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಯಶೋಧಾಳ ದಂಡಿಗೆ ದಾರಿ ಬಿಟ್ಟ.

ಯಶೋಧಾ ಆ ಸಂದನ್ನು ನೋಡಿದಳು. ಆಮೇಲೆ ಅವನ ಮುಖ ನೋಡಿದಳು. ನಗು ನಿಂತಿತು.

“ಬ್ಯಾಡ ಶಿವು. ಇವಳನ್ನ ಒಯ್ದರೆ ತಿರುಗಿ ಕೊಡಾಕೆ ಬರಬೇಕಾಗ್ತೈತೆ.”

ಅವಳು ತನ್ನ ದಂಡನ್ನು ಕೋಟೆಯ ಬಾಗಿಲಿಗೆ ನಡೆಸಿದಳು. ಆಟ ಯಶೋಧಾ ಗೆದ್ದಳು. ವೈದ್ಯೆ ಶಿವರಾಜನ ಬಳಿಯೇ ಉಳಿದಳು.