ತೊಟ್ಟಿಲು ಅಲ್ಲಾಡಬಾರದು

ಗುತ್ತೂರಿನ ತಸ್ಲೀಮಳ ಮೂರು ದಿನದ ಕೂಸಿಗೆ ಎರಡೂ ಕಿವಿ ಚೆನ್ನಾಗಿ ಕೇಳಿಸುತ್ತವೆ ಎಂದು, ಕೂಸನ್ನು ಪರೀಕ್ಷಿಸುವ ಮೊದಲೇ, ಹರಿಹರದ ಸರ್ಕಾರಿ ಹೆರಿಗೆ ಆಸ್ಪತ್ರೆಯ ರಿಜಿಸ್ಟರಿನಲ್ಲಿ ಬರೆದಿಟ್ಟಿದ್ದರು. ಬರೆದವರು ಡಾಕ್ಟರ್ ಶಿವಯೋಗಪ್ಪ. ಬರೆದದ್ದು ಬೆಳಿಗ್ಗೆ ಹತ್ತಕ್ಕೆ. ಪರೀಕ್ಷೆ ಇದ್ದದ್ದು ಹನ್ನೊಂದಕ್ಕೆ.

ಬರೆದು ಮುಗಿಸಿ ಆಯಾ ಭೀಮವ್ವನನ್ನು ಒಳಗೆ ಕರೆಸಿದರು. ಅವಳು ಕೈಬಳೆಗಳ ಮೇಲೆ, ಗಾಯಕ್ಕೆ ಕಟ್ಟುವ ಬಿಳಿ ಬಟ್ಟೆ ಸುತ್ತಿಕೊಳ್ಳುತ್ತಲೇ ಬಂದಳು. ನಿನ್ನೆ, ತರಬೇತಿಯ ಮೊದಲ ದಿನ, ಮೈಸೂರಿನ ಕಿವಿ-ಮಾತಿನ ಆಸ್ಪತ್ರೆಯಿಂದ ಬಂದ ಮೇಡಂ ನರ್ಸುಗಳಿಗೂ ಆಯಾಗಳಿಗೂ ಹೇಳಿಕೊಟ್ಟಿದ್ದರು: ನಿದ್ದೆಯ ಮಂಪರಿನಲ್ಲಿರುವ ಕೂಸಿನ ಹಿಂದೆ ನಿಂತು ಗಂಟೆ ಬಾರಿಸಬೇಕು. ನೆರಳು ಬೀಳಬಾರದು. ಬಳೆ ಸದ್ದಾಗಬಾರದು. ತೊಟ್ಟಿಲು ಅಲ್ಲಾಡಬಾರದು. "ಬಳೆ ತೆಗೀರಿ" ಎಂದಾಗ ಭೀಮವ್ವ, "ಗಂಡ ಇದ್ದಾನ್ರೀ ಮೇಡಂ, ಕುಡುದ್ರೂ ಇದ್ದಾನೆ" ಎಂದು ವಾರ್ಡನ್ನೆಲ್ಲ ನಗಿಸಿ, ಬಟ್ಟೆ ಸುತ್ತುವ ಉಪಾಯವನ್ನು ತಾನೇ ಹುಡುಕಿದ್ದಳು. ಮೇಡಂ ಗಂಟೆಯನ್ನು ಅವಳ ಕೈಗೇ ಕೊಟ್ಟಿದ್ದರು.

"ಬಾಗ್ಲು ಹಾಕು," ಎಂದರು ಡಾಕ್ಟರು. "ಗುತ್ತೂರಿನ ಸಾಬರ ಕೂಸು ಐತಲ್ಲ, ಮೂರನೇ ತೊಟ್ಟಿಲು. ಅದರ ಸರದಿ ಬಂದಾಗ, ಗಂಟೆ ಬಾರಿಸೋ ಹೊತ್ತಿಗೆ ಸರಿಯಾಗಿ ಮೊಣಕಾಲು ತೊಟ್ಟಿಲಿಗೆ ತಾಗಿಸು. ಮೆಲ್ಲಗೆ."

"ಕಬ್ಬಿಣದ ತೊಟ್ಟಿಲು ರೀ. ತಾಗಿದ್ರೆ ಕೂಸು ಬೆಚ್ಚಿ ಬೀಳ್ತೈತೆ."

"ಬೀಳ್ಲಿ. ಬೆಚ್ಚಿತು ಅಂದ್ರೆ ಕೇಳಿಸ್ತು ಅಂತ ಮೇಡಂ ಬರ್ಕೊಂತಾರೆ. ಅವರ ಪಟ್ಟಿ, ನಮ್ಮ ರಿಜಿಸ್ಟರು ಎರಡೂ ಒಂದೇ ಆಗ್ತಾವೆ. ದಾವಣಗೆರೆ ಜಿಲ್ಲೆಯಾಗಿ ಇನ್ನೂ ವರ್ಷ ತುಂಬಿಲ್ಲ, ಹೊಸ ಜಿಲ್ಲೆಗೆ ಕೆಟ್ಟ ಹೆಸರು ಯಾಕೆ?"

ಜಿಲ್ಲೆಯ ಹೆಸರಿನ ಮಾತಲ್ಲ ಅದು ಎಂದು ಭೀಮವ್ವನಿಗೆ ಗೊತ್ತಿತ್ತು. ಸೋಮವಾರ ಹಗಲೆಲ್ಲ ತಸ್ಲೀಮ್ ನೋವು ತಿನ್ನುತ್ತಿದ್ದಾಗ ಡಾಕ್ಟರು ದಾವಣಗೆರೆಯಲ್ಲಿ, ದೇವರಾಜ ಅರಸು ಬಡಾವಣೆಯ ತಮ್ಮ ಸ್ವಂತ ನರ್ಸಿಂಗ್ ಹೋಮಿನಲ್ಲಿದ್ದರು. ಮೂರು ಸಲ ಫೋನ್ ಮಾಡಿಸಿದವಳು ಭೀಮವ್ವ. ಅವರು ಬಂದು ಮುಟ್ಟುವಷ್ಟರಲ್ಲಿ ಕೂಸು ನೀಲಿಗಟ್ಟಿ ಹುಟ್ಟಿಯಾಗಿತ್ತು. ನರ್ಸಮ್ಮ ಉಸಿರು ಊದಿ, ಪಾದ ತಟ್ಟಿ ತಟ್ಟಿ ಅಳಿಸುವ ಹೊತ್ತಿಗೆ ಗೋಡೆ ಗಡಿಯಾರದಲ್ಲಿ ಏಳು ನಿಮಿಷ ಕಳೆದಿತ್ತು. ಹುಟ್ಟಿದಾಗ ಅಳದ ಕೂಸುಗಳ ಕಿವಿಯನ್ನು ಮೊದಲು ನೋಡಿರಿ ಎಂದು ಮೇಡಂ ಹೇಳಿದ್ದರು. ಕಿವಿ ಕೇಳಿಸುವುದಿಲ್ಲ ಎಂದು ಗೊತ್ತಾದರೆ, ಹುಟ್ಟಿದಾಗ ಯಾಕೆ ಅಳಲಿಲ್ಲ ಎಂದು ಕೇಳುತ್ತಾರೆ. ಆಮೇಲೆ, ಡಾಕ್ಟರು ಎಲ್ಲಿದ್ದರು ಎಂದು ಕೇಳುತ್ತಾರೆ.

"ಈಗಲೇ ಗೊತ್ತಾದ್ರೆ ಮೈಸೂರಿಗೆ ಚೀಟಿ ಕೊಡ್ತಾರಂತ್ರೀ," ಎಂದಳು ಭೀಮವ್ವ. "ಕಿವಿಗೆ ಮಿಷನ್ ಹಾಕಿ ಮಾತು ಕಲಿಸ್ತಾರಂತೆ. ಗೊತ್ತಾಗ್ದಿದ್ರೆ, ಕರದ್ರೂ ಬರಲ್ಲ ಅಂತ ಅದನ್ನ ನಾಕು ವರ್ಷ ಹೊಡ್ಕೊಂತ ಕೂಡ್ತಾರೆ."

"ನಿನ್ನ ಕಾಯಂ ಮಾಡೋ ಕಾಗದ ಎಲ್ಲೈತೆ ಗೊತ್ತಲ್ಲ?" ಡಾಕ್ಟರು ಟೇಬಲ್ಲಿನ ಡ್ರಾಯರ್ ಎಳೆದು ತೋರಿಸಿ, ಮತ್ತೆ ಮುಚ್ಚಿದರು. "ಹನ್ನೊಂದು ವರ್ಷ ದಿನಗೂಲಿ ಮಾಡಿದ್ದು ಸಾಕಾಗಿಲ್ಲೇನು? ಹೋಗು."

ಹನ್ನೊಂದಕ್ಕೆ ವಾರ್ಡಿನ ಫ್ಯಾನು ನಿಲ್ಲಿಸಿದರು. ಕಿಟಕಿ ಮುಚ್ಚಿದರು. ಮೇಡಂ ಪಟ್ಟಿ ಹಿಡಿದು ಕೂಸಿನ ಮುಖ ಕಾಣುವಂತೆ ನಿಂತರು, ಡಾಕ್ಟರು ಅವರ ಪಕ್ಕದಲ್ಲಿ. ಮೊದಲನೇ ತೊಟ್ಟಿಲಿನ ಕೂಸು ಗಂಟೆಗೆ ಕೈಕಾಲು ಕೊಡವಿತು. ಎರಡನೆಯದು ಕಣ್ಣು ಪಿಳುಕಿಸಿತು.

ಮೂರನೆಯ ತೊಟ್ಟಿಲ ಬಳಿ ತಸ್ಲೀಮ್ ಮಂಚದ ಮೇಲೆ ಎದ್ದು ಕೂತಳು. "ಭೀಮವ್ವಕ್ಕ, ನೋವಾಗ್ತೈತೇನು ಇವಳಿಗೆ?"

"ಗಂಟೆಗೇನು ನೋವು!" ಎಂದಳು ಅವಳ ಅತ್ತೆ ಹಜೀರಾಬೀ. "ನಮ್ಮನಿ ಹೆಣ್ಮಕ್ಕಳಿಗೆ ಕಿವಿ ಚಲೋ ಇರ್ತಾವೆ ತಗಾ. ಸೊಸೇರಿಗೆ ಮಾತ್ರ ಕೆಲಸ ಹೇಳಿದಾಗ ಕೇಳ್ಸಲ್ಲ."

ಯಾರೋ ನಕ್ಕರು. ಭೀಮವ್ವ ತೊಟ್ಟಿಲಿನ ಹಿಂದೆ ನಿಂತಳು. ಡಾಕ್ಟರು ಕೂಸನ್ನು ನೋಡುತ್ತಿರಲಿಲ್ಲ. ಅವಳ ಮೊಣಕಾಲನ್ನು ನೋಡುತ್ತಿದ್ದರು. ಸೀರೆಯ ನೆರಿಗೆಗೂ ಕಬ್ಬಿಣದ ಕಂಬಿಗೂ ನಡುವೆ ಒಂದು ಬೆರಳಿನಷ್ಟು ಜಾಗವಿತ್ತು.

ಭೀಮವ್ವ ಗಂಟೆಯನ್ನು ಸೊಂಟಕ್ಕೆ ಸಿಕ್ಕಿಸಿ, ಬಗ್ಗಿ ಕೂಸನ್ನು ಎತ್ತಿದಳು. ತಸ್ಲೀಮಳ ಮಡಿಲಲ್ಲಿ ಮಲಗಿಸಿದಳು. "ಹಿಡ್ಕಳವ್ವ. ಅಲ್ಲಾಡಬ್ಯಾಡ. ಉಸಿರೂ ಜೋರಾಗಿ ಬಿಡಬ್ಯಾಡ."

ಹಿಂದಿನಿಂದ ಗಂಟೆ ಬಾರಿಸಿದಳು.

ಎರಡನೇ ತೊಟ್ಟಿಲಿನ ಕೂಸು ಮತ್ತೆ ಕಣ್ಣು ಪಿಳುಕಿಸಿತು. ಬಾಗಿಲ ಬಳಿಯ ಐದನೆಯದು ಅಳಲು ಶುರುಮಾಡಿತು. ತಸ್ಲೀಮಳ ಮಡಿಲಿನದು ರೆಪ್ಪೆ ಕೂಡ ಅಲುಗಿಸಲಿಲ್ಲ. ಇನ್ನೊಂದು ಕಿವಿಯ ಕಡೆಯಿಂದ, ಇನ್ನೂ ಜೋರಾಗಿ ಬಾರಿಸಿದಳು. ಇಲ್ಲ.

"ನೋಡ್ರಿ, ಎಂಥ ತಣ್ಣನೆ ಕೂಸು!" ಎಂದು ಹಜೀರಾಬೀ ಹೆಮ್ಮೆಯಿಂದ ಸುತ್ತ ನೋಡಿದಳು. ಮೇಡಂ ಪೆನ್ನು ಎತ್ತಿದರು.

"ತಡೀರಿ ಮೇಡಂ, ತಡೀರಿ," ಡಾಕ್ಟರು ಅಡ್ಡ ಬಂದರು. "ಮಡಿಲಲ್ಲಿ ಬೆಚ್ಚಗಾಗಿ ಗಾಢ ನಿದ್ದೆ ಬಂದೈತೆ ಅದಕ್ಕೆ. ಭೀಮವ್ವ, ತೊಟ್ಟಿಲಲ್ಲಿ ಮಲಗಿಸು. ಇನ್ನೊಮ್ಮೆ ಬಾರಿಸು. ನಾ ಹೇಳಿದಂಗೆ."

ಭೀಮವ್ವ ಖಾಲಿ ತೊಟ್ಟಿಲನ್ನು ಮೊಣಕಾಲಿನಿಂದಲೇ ನೂಕಿದಳು. ಅದು ಗಾಲಿಗಳ ಮೇಲೆ ಗಡಗಡ ಉರುಳಿ ಡಾಕ್ಟರ ಕಾಲಿಗೆ ಬಡಿದು ನಿಂತಿತು. ವಾರ್ಡಿನ ಕೂಸುಗಳೆಲ್ಲ ಒಟ್ಟಿಗೇ ಅಳತೊಡಗಿದವು, ಒಂದನ್ನು ಬಿಟ್ಟು.

"ಮಲಗಿಸಲ್ರೀ," ಎಂದಳು.