ನೂರಿಪ್ಪತ್ತು-ಎಂಬತ್ತು

ದೊಡ್ಡ ಡಾಕ್ಟರು ಕಿವಿಯಿಂದ ಸ್ಟೆತಸ್ಕೋಪ್ ತೆಗೆದು, ಸಿಬ್ಬಂದಿಯೆಲ್ಲರ ಎದುರೇ ಹೊಸ ನರ್ಸಿನತ್ತ ಚಾಚಿದರು. "ಬಿ.ಪಿ. ಎರಡು ಸಲ ನೋಡಿದೆ ಕಣಮ್ಮಾ, ನನಗೆ ಕೇಳಿಸ್ತಿಲ್ಲ. ಕಿವಿ ಮೊದಲಿನ ಹಾಗಿಲ್ಲ. ನೀನು ನೋಡಿ ಹೇಳು."

"ನಾನು ಬದುಕಿದ್ದೀನಿ ತಾನೇ?" ಎಂದರು ಮಂಚದ ಮೇಲಿದ್ದ ಅಜ್ಜಿ. ಯಾರೂ ನಗಲಿಲ್ಲ.

ಮೂವತ್ತು ವರ್ಷ ಊರಿನ ಎದೆಬಡಿತ ಕೇಳಿದ ಮನುಷ್ಯ ಇಷ್ಟು ಸಲೀಸಾಗಿ ಹೀಗನ್ನಬಹುದೇ? ನರ್ಸ್ ಕಣ್ಣು ಮಿಟುಕಿಸದೆ ಡಾಕ್ಟರನ್ನೇ ನೋಡಿದಳು. ಸ್ವಲ್ಪ ಹೊತ್ತಿನ ಮುಂಚೆ ಅಜ್ಜಿಯ ಬಿ.ಪಿ. ನೋಡಿದಾಗ ಅವಳಿಗೂ ಕೇಳಿಸಿರಲಿಲ್ಲ. ಹೇಳಿದರೆ ಮರ್ಯಾದೆ ಹೋದೀತೆಂದು ಅಜ್ಜಿಯ ಚೀಟಿಯಲ್ಲಿ ನೂರಿಪ್ಪತ್ತು-ಎಂಬತ್ತು ಎಂದು ಅಂದಾಜಿಗೆ ಗೀಚಿದ್ದಳು.

"ಸಾರ್, ಚೀಟೀಲಿರೋದು ಸುಳ್ಳು. ನನಗೂ ಕೇಳಿಸಿರ್ಲಿಲ್ಲ."

ಡಾಕ್ಟರು ತಮ್ಮ ಕುರ್ಚಿಯನ್ನೇ ಅವಳತ್ತ ಸರಿಸಿದರು. "ಕೂತ್ಕೊಂಡು ನಿಧಾನಕ್ಕೆ ಕೇಳು."

ಅಜ್ಜಿಯ ತೋಳಿಗೆ ಸುತ್ತಿದ ಪಟ್ಟಿಯ ಗಾಳಿ ಮೆಲ್ಲಗೆ ಇಳಿಯತೊಡಗಿತು. ಮೊದಲ ಬಡಿತ ಅವಳ ಕಿವಿಗೆ ಬಿದ್ದಾಗ ಮಾಪಕದ ಮುಳ್ಳು ಇನ್ನೂ ಇನ್ನೂರರ ಹತ್ತಿರವೇ ಇತ್ತು.