ಗುಂಡುಕಲ್ಲು ಗೆದ್ದ ಭಾನುವಾರ

“ಗುಂಡುಕಲ್ಲನ್ನ ನಾಲ್ಕನೇ ಸುತ್ತಿನಲ್ಲೇ ಮಲಗಿಸಿಬಿಡ್ತೀನಿ,” ಎಂದ ಕಾಮೆಂಟೇಟರ್. “ಅದಕ್ಕಿಂತ ಜಾಸ್ತಿ ಹೊತ್ತು ನಿಲ್ಲಿಸಿದ್ರೆ ಕೇಳೋರು ನಗ್ತಾರೆ.”

ಸ್ಟುಡಿಯೋದ ಮೂಲೆಯಲ್ಲಿ ಸದ್ದಿನವನು ಏಟಿನ ಶಬ್ದಕ್ಕೆಂದು ಚರ್ಮದ ದಿಂಬಿಗೆ ಗುದ್ದಿ ಗುದ್ದಿ ಮೈಕಿನ ದೂರ ನೋಡಿಕೊಳ್ಳುತ್ತಿದ್ದ. ಆ ಮಧ್ಯಾಹ್ನ ರೇಡಿಯೋದಲ್ಲಿ ಬರಬೇಕಿದ್ದದ್ದು ಎಂದೂ ನಡೆಯದ ಪಂದ್ಯ. ಹಿಂದಿನ ಹೆವಿವೇಟ್ ಚಾಂಪಿಯನ್ ಗುಂಡುಕಲ್ಲು, ಈಗಿನ ಚಾಂಪಿಯನ್ ಮಿಂಚು. ಇಬ್ಬರೂ ಹರೆಯದಲ್ಲಿ ಎದುರುಬದುರಾಗಿದ್ದರೆ ಗೆಲ್ಲುತ್ತಿದ್ದವರು ಯಾರು? ಕಟಿಂಗ್ ಶಾಪುಗಳಲ್ಲಿ ಜನ ಇದಕ್ಕಾಗಿ ಅಂಗಿ ಹರಿದುಕೊಂಡದ್ದುಂಟು. ಇವತ್ತು ಕಾಮೆಂಟೇಟರ್ ಸುತ್ತು ಸುತ್ತಾಗಿ ಪಂದ್ಯ ಹೇಳಿ ಆ ಜಗಳ ಮುಗಿಸಲಿದ್ದ.

ಅವನಿಗೆ ಜಗತ್ತಿನಲ್ಲಿ ಯಾರ ಮೇಲೂ ಗೌರವವಿರಲಿಲ್ಲ. ಕೇಳುಗರು ಕುರಿಗಳು. ಸದ್ದಿನವನು ದಿಂಬು ಬಡಿಯುವವನು. ಬಾಕ್ಸರ್‌ಗಳೆಂದರೆ ಮೈ ಬೆಳೆಸಿ ಬುದ್ಧಿ ಬೆಳೆಸಲು ಮರೆತವರು. ತನ್ನ ಗಂಟಲೊಂದನ್ನು ಮಾತ್ರ ದೇವರು ಪುರುಸೊತ್ತಿನಲ್ಲಿ ಮಾಡಿದ್ದಾನೆ ಎಂಬುದು ಅವನ ನಂಬಿಕೆ. ಗುಂಡುಕಲ್ಲಿನ ಒಂದೊಂದು ಪಂದ್ಯವನ್ನೂ ದೇಶಕ್ಕೆಲ್ಲ ಕೇಳಿಸಿದ್ದು ಇದೇ ಗಂಟಲು.

ಆ ಗುಂಡುಕಲ್ಲನ್ನು ಕಂಡರೆ ಅವನಿಗೆ ಎಲ್ಲಿಲ್ಲದ ತಾತ್ಸಾರ. ಒಂದೂ ಪಂದ್ಯ ಸೋಲದವನು. ಕೊನೆಯ ಪಂದ್ಯದಲ್ಲಿ ಎಡಗೈ ಹುಡುಗನೊಬ್ಬನನ್ನು ಕೆಡವಿದ. ಹುಡುಗನನ್ನು ಸ್ಟ್ರೆಚರ್ ಮೇಲೆ ಹೊತ್ತೊಯ್ದರು, ಜನ ಸಿಳ್ಳೆ ಹೊಡೆದರು. ಆ ವಾರವೇ ಗುಂಡುಕಲ್ಲು ಗ್ಲೌಸ್ ಬಿಚ್ಚಿಟ್ಟು ಮನೆ ಸೇರಿಕೊಂಡ. ಯಾಕೆಂದು ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ. ಪುಕ್ಕಲ, ಮುಂದೆ ಸೋಲುತ್ತೇನೆಂದು ಹೆದರಿ ಓಡಿದ ಎಂದು ಕಾಮೆಂಟೇಟರ್ ಆಗಲೇ ತೀರ್ಪು ಕೊಟ್ಟಿದ್ದ. ಹುಡುಗನ ವಿಷಯ ಅವನು ವಿಚಾರಿಸಲಿಲ್ಲ. ಹತ್ತು ಎಣಿಸಿ ಮುಗಿದ ಮೇಲೆ ಬಿದ್ದವನ ಗೊಡವೆ ಅವನಿಗೆ ಯಾಕೆ?

ಪ್ರಸಾರಕ್ಕೆ ಇನ್ನೇನು ಸ್ವಲ್ಪ ಹೊತ್ತಿದೆ ಎನ್ನುವಾಗ ಗುಂಡುಕಲ್ಲಿನ ಮಗಳು ಏದುಸಿರು ಬಿಡುತ್ತ ಒಳಗೆ ಬಂದಳು. ಮನೆ ಎರಡು ಬೀದಿ ಆಚೆ. ಓಡಿಕೊಂಡೇ ಬಂದಿದ್ದಳು.

“ಸರ್, ಅಪ್ಪನ ನೆನಪು ಕೆಟ್ಟಿದೆ. ಯಾವುದು ಆವತ್ತಿಂದು, ಯಾವುದು ಇವತ್ತಿಂದು ಗೊತ್ತಾಗಲ್ಲ. ನಿಮ್ಮ ದನಿ ಮಾತ್ರ ಗೊತ್ತು. ನೀವು ರೇಡಿಯೋದಲ್ಲಿ ಹೇಳಿದ್ದೆಲ್ಲ ಅವರಿಗೆ ನಿಜವಾಗಿ ನಡೆದಿದ್ದೇ. ಬೆಳಗ್ಗೆಯಿಂದ ಅದರ ಮುಂದೆ ಕೂತಿದಾರೆ. ಆರಿಸೋಕೆ ಹೋದ್ರೆ ನನ್ನ ಕೈ ಹಿಡ್ಕೋತಾರೆ. ಆ ಕೈ ಬಿಡಿಸಿಕೊಳ್ಳೋ ಶಕ್ತಿ ನನಗಿಲ್ಲ.”

“ಅದಕ್ಕೆ?”

“ಇದೊಂದು ಸಲ ಆದ್ರೂ ಅಪ್ಪನ್ನ…”

“ಸಾಕು, ಸಾಕು.” ಕಾಮೆಂಟೇಟರ್ ಅಂಗೈ ಅಡ್ಡ ಹಿಡಿದ. “ನೋಡಮ್ಮಾ, ಹೆಂಡ್ತಿ, ಮಗಳು, ತಂಗಿ, ಎಷ್ಟು ಜನ ಬಂದಿದಾರೆ ನನ್ನ ಹತ್ರ. ಎಲ್ಲರದ್ದೂ ಒಂದೇ ರಾಗ. ನಮ್ಮೋರನ್ನ ಸ್ವಲ್ಪ ಎತ್ತಿ ಹೇಳಿ ಅಂತ. ನಾನು ಯಾರ ಮುಲಾಜಿಗೂ ಬೀಳೋನಲ್ಲ.”

“ಅದಲ್ಲ ಸರ್, ನಾನು ಕೇಳ್ತಿರೋದು…”

“ಏನು ಕೇಳ್ತೀರಿ ಅಂತ ನನಗೆ ಗೊತ್ತು. ಹೊರಡಿ.”

ಕೆಂಪು ದೀಪ ಹೊತ್ತಿತು. ಬಾಗಿಲು ಮುಚ್ಚಿದ ಮೇಲೂ ಅವಳು ಗಾಜಿಗೆ ಅಂಗೈ ಒತ್ತಿ ಏನೋ ಹೇಳುತ್ತಲೇ ಇದ್ದಳು. ಸ್ಟುಡಿಯೋದ ದಪ್ಪ ಗಾಜು, ಒಂದಕ್ಷರ ಒಳಗೆ ಬರಲಿಲ್ಲ. ಆಮೇಲೆ ಮನೆಯ ಕಡೆ ಓಡಿದಳು.

“ಪೂರ್ತಿ ಕೇಳಬಹುದಿತ್ತು ಸರ್,” ಎಂದ ಸದ್ದಿನವನು.

“ನೀನು ದಿಂಬು ನೋಡ್ಕೋ.”

ಪಂದ್ಯ ಶುರುವಾಯಿತು. ಮೊದಲೆರಡು ಸುತ್ತು ಮಿಂಚಿನದೇ; ಕಾಮೆಂಟೇಟರ್ ಅವನನ್ನು ‘ಹುಡುಗ’ ಎಂದೇ ಕರೆಯುತ್ತಿದ್ದ. ಮೂರನೆಯದರ ಕೊನೆಗೆ ಗುಂಡುಕಲ್ಲಿನ ಹುಬ್ಬು ಸೀಳಿ, ಕಾಲು ತೊಡರತೊಡಗಿತ್ತು. ನಡುವೆ ಸೋಪಿನ ಜಾಹೀರಾತು ಬಂತು. ನೀರು ಕುಡಿಯುತ್ತಿದ್ದ ಕಾಮೆಂಟೇಟರನಿಗೆ ಗಾಜಿನ ಮೇಲೆ ಉಳಿದಿದ್ದ ಬೆವರಿನ ಅಂಗೈ ಗುರುತು ಕಂಡಿತು. ಜನ ತನ್ನ ಮುಂದೆ ಅಂಗಲಾಚಿದರೆ ಅವನಿಗೆ ಒಳಗೊಳಗೇ ಹಿತ. ಹೋಗಲಿ ಪಾಪ, ಬುದ್ಧಿ ಕೆಟ್ಟ ಮುದುಕ. ನಾಯಿಗೆ ಬಿಸ್ಕತ್ತು ಎಸೆದ ಹಾಗೆ ಒಂದು ಗೆಲುವು ಎಸೆದರೆ ತನ್ನ ಗಂಟೇನು ಹೋಗುತ್ತದೆ? ಇಷ್ಟು ದೊಡ್ಡ ಮನಸ್ಸು ತನಗಿದೆಯೆಂದು ಅವನಿಗೇ ಗೊತ್ತಿರಲಿಲ್ಲ. ಬಹಳ ಖುಷಿಯಾಯಿತು.

ನಾಲ್ಕನೇ ಸುತ್ತಿನಲ್ಲಿ ಗುಂಡುಕಲ್ಲಿನ ಬಲಗೈ ಬೀಸಿ ಬಂತು. ಸದ್ದಿನವನು ತಬ್ಬಿಬ್ಬಾಗಿ ಕಾಮೆಂಟೇಟರನ ಮುಖ ನೋಡಿ, ಮೈಯ ಬಲವನ್ನೆಲ್ಲ ಹಾಕಿ ದಿಂಬಿಗೆ ಗುದ್ದಿದ.

“ಹುಡುಗ ಬಿದ್ದ! ಗುಂಡುಕಲ್ಲಿನ ಏಟಿಗೆ ಹುಡುಗ ನೆಲ ಕಚ್ಚಿದ! ಎಂಟು… ಒಂಬತ್ತು… ಹತ್ತು! ಏಳುತ್ತಿಲ್ಲ, ಕೇಳುಗರೇ! ಇವನು ಇನ್ನು ಏಳುವುದೂ ಇಲ್ಲ!”

ಅದು ಅವನ ಜೀವಮಾನದ ಅತ್ಯುತ್ತಮ ಕಾಮೆಂಟರಿ. ದೀಪ ಆರಿದ್ದೇ ತಡ, ಥ್ಯಾಂಕ್ಸ್ ವಸೂಲು ಮಾಡಿಕೊಳ್ಳಲು ಗುಂಡುಕಲ್ಲಿನ ಮನೆಗೆ ಫೋನ್ ಹಚ್ಚಿದ.

“ಏನಮ್ಮಾ, ಸಮಾಧಾನ ಆಯ್ತಾ? ಗೆಲ್ಲಿಸಿಬಿಟ್ಟೆ ನಿಮ್ಮಪ್ಪನ್ನ.”

ಫೋನ್ ಎತ್ತಿದ್ದು ಮಗಳು. ಅವಳ ಹಿಂದೆ ಮುದುಕನೊಬ್ಬ ಗೋಳೋ ಎಂದು ಅಳುವುದು ಕೇಳಿಸಿತು. ಆನಂದಬಾಷ್ಪ ಎಂದುಕೊಂಡ ಕಾಮೆಂಟೇಟರ್. ಇಂಥವರಿಗೆ ಗೆಲುವನ್ನು ತಡೆದುಕೊಳ್ಳುವುದಕ್ಕೂ ಬರುವುದಿಲ್ಲ.

“ಆ ಎಡಗೈ ಹುಡುಗ ಆಸ್ಪತ್ರೆಯಿಂದ ವಾಪಸ್ ಬರಲೇ ಇಲ್ಲ ಸರ್,” ಎಂದಳು ಅವಳು. “ತಿಂಗಳುಗಟ್ಟಲೆ ಕಣ್ಣು ಮುಚ್ಚಿಕೊಂಡೇ ಇದ್ದು ತೀರಿಕೊಂಡ. ಅಷ್ಟೊತ್ತಿಗೆ ನೀವೆಲ್ಲ ಅವನನ್ನ ಮರೆತಿದ್ರಿ. ಅಪ್ಪ ಮರೀಲಿಲ್ಲ. ಅವನು ಎದ್ದನಾ, ಎದ್ದನಾ ಅಂತ ದಿನಾ ಕೇಳ್ತಾರೆ. ಎದ್ದ ಅಪ್ಪಾ, ಮನೆಗೆ ಹೋದ ಅಂತ ದಿನಾ ಸುಳ್ಳು ಹೇಳ್ತಿದ್ದೆ. ಇನ್ನು ನನ್ನ ಮಾತು ನಂಬಲ್ಲ ಅವರು. ಹುಡುಗ ಇನ್ನು ಏಳಲ್ಲ ಅಂತ ನಿಮ್ಮ ಬಾಯಲ್ಲೇ ಕೇಳಿಬಿಟ್ರು.”

“ಮತ್ತೆ ನೀವು ಬಂದಿದ್ದು ಗೆಲ್ಲಿಸಿ ಅಂತ ತಾನೆ?” ಎಂದಿತು ದೇವರು ಪುರುಸೊತ್ತಿನಲ್ಲಿ ಮಾಡಿದ ಗಂಟಲು.

“ಅಪ್ಪ ಬೀಳಲಿ ಅಂತ ಬೇಡಿಕೊಳ್ಳೋಕೆ ಬಂದಿದ್ದೆ ಸರ್. ಅಪ್ಪ ಬಿದ್ದಿದ್ರೆ, ಆ ಹುಡುಗ ನಿಂತಿರ್ತಿದ್ನಲ್ಲ.”